ಜನ ಎಷ್ಟು?

ಸ್ಕ್ರೀನ್ ಮೇಲೆ 97 ಅಂತ ಬಂದಾಗ ರಾತ್ರಿ ಎರಡು ಗಂಟೆ ದಾಟಿತ್ತು. ಸಿಟಿ ಸ್ಕ್ಯಾನ್ ನೋಡಿ ಕಿಡ್ನಿಯ ಗಡ್ಡೆ ಯಾವ ಬಗೆಯದು ಅಂತ ಹೇಳುವ ಕಂಪ್ಯೂಟರ್ ಮಾಡೆಲ್ ಅದು. ಮೂರು ತಿಂಗಳಿಂದ ಅದರ ಹಿಂದೆ ಬಿದ್ದಿದ್ದೆ. ನೂರಕ್ಕೆ 97 ಸರಿ! ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಬೆಳಗಾಗುತ್ತಲೇ ಲ್ಯಾಪ್‌ಟಾಪ್ ಹಿಡಿದು, ನಮ್ಮ ಜೊತೆ ಕೆಲಸ ಮಾಡುವ ರೇಡಿಯಾಲಜಿ ಡಾಕ್ಟರ್ ಹತ್ತಿರ ಹೋದೆ.

ಅವರು ಗ್ರಾಫ್ ಕಡೆ ನೋಡಲೇ ಇಲ್ಲ. "ಟೆಸ್ಟಿಗೆ ಇಟ್ಟಿದ್ದು ಎಷ್ಟು ಜನರ ಸ್ಕ್ಯಾನ್?" ಅಂತ ಕೇಳಿದರು.

"ಎರಡು ಸಾವಿರ ಚಿತ್ರ ಇದೆ ಮೇಡಂ."

"ಚಿತ್ರ ಕೇಳ್ಲಿಲ್ಲ. ಜನ ಎಷ್ಟು?"

ನನಗೆ ಗೊತ್ತಿರಲಿಲ್ಲ. ಅದನ್ನು ಎಣಿಸಬೇಕು ಅಂತಲೇ ಹೊಳೆದಿರಲಿಲ್ಲ.

ನಾನು ಬಳಸಿದ್ದು ಕಿಟ್ಸ್ 2019 ಅನ್ನುವ ಕಿಡ್ನಿ ಗಡ್ಡೆಗಳ ಡೇಟಾ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ್ದು. ಒಟ್ಟು 300 ಜನರ ಸಿಟಿ, ಅದರಲ್ಲಿ 210 ಜನರದ್ದು ಟ್ರೈನಿಂಗಿಗೆ, ಅಂದರೆ ಮಾಡೆಲ್‌ಗೆ ಕಲಿಸಲಿಕ್ಕೆ. ಕಿಡ್ನಿ ಎಲ್ಲಿ, ಗಡ್ಡೆ ಎಲ್ಲಿ ಅಂತ ಗುರುತು ಹಾಕಿಟ್ಟಿದ್ದಾರೆ. ಆಪರೇಷನ್ ಆದ ಮೇಲೆ ಪೆಥಾಲಜಿಯಲ್ಲಿ ಗೊತ್ತಾದ ಗಡ್ಡೆಯ ಹೆಸರೂ ಸಿಗುತ್ತದೆ. ಒಬ್ಬರ ಸ್ಕ್ಯಾನ್ ಅಂದರೆ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಸ್ಲೈಸ್‌ಗಳು. ನಾನು ಗಡ್ಡೆ ಕಾಣುವ ಸ್ಲೈಸ್‌ಗಳನ್ನೆಲ್ಲ ಬಿಡಿಬಿಡಿಯಾಗಿ ತೆಗೆದು, ಒಂದೇ ರಾಶಿಗೆ ಸುರಿದು, ಚೆನ್ನಾಗಿ ಕಲಸಿ, ನೂರರಲ್ಲಿ 80 ಟ್ರೈನಿಂಗಿಗೆ, 20 ಕಲಿತದ್ದನ್ನು ಪರೀಕ್ಷಿಸುವ ಟೆಸ್ಟಿಗೆ ಅಂತ ಹಂಚಿಬಿಟ್ಟಿದ್ದೆ.

ಅಂದರೆ ಒಬ್ಬರ 41ನೇ ಸ್ಲೈಸ್ ಟ್ರೈನಿಂಗಿಗೆ ಹೋಗಿದೆ, 42ನೇದು ಟೆಸ್ಟಿಗೆ. ಎರಡರ ನಡುವೆ ಇರುವುದು ಕೆಲವೇ ಮಿಲಿಮೀಟರ್. ಅದೇ ಕಿಡ್ನಿ, ಅದೇ ಬೆನ್ನುಮೂಳೆ, ಅದೇ ಗಡ್ಡೆ. ಮಾಡೆಲ್ ಗಡ್ಡೆಯ ಬಗೆ ಕಲಿತಿರಲಿಲ್ಲ, ಒಮ್ಮೆ ನೋಡಿದವರನ್ನು ಮತ್ತೆ ಗುರುತು ಹಿಡಿದಿತ್ತು.

ಅಲ್ಲೇ ಕೂತು ಕೇಸ್ ನಂಬರ್ ಪ್ರಕಾರ ಹಂಚಿದೆ. ಒಬ್ಬರ ಸ್ಲೈಸ್‌ಗಳೆಲ್ಲ ಒಂದೇ ಕಡೆ ಇರಬೇಕು. ಮತ್ತೆ ಟ್ರೈನಿಂಗಿಗೆ ಹಾಕಿ ಕಾದೆ. ಸಂಜೆ ಹೊತ್ತಿಗೆ 97 ಇದ್ದದ್ದು 70ರ ಆಸುಪಾಸಿಗೆ ಬಂದು ನಿಂತಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಅದರ ಒಳಗೆ ನೋಡಿದಾಗ. ಕಿಡ್ನಿ ಕ್ಯಾನ್ಸರಿನಲ್ಲಿ ಮುಕ್ಕಾಲು ಪಾಲಿನಷ್ಟು ಕ್ಲಿಯರ್ ಸೆಲ್ ಬಗೆಯದು. ಪ್ಯಾಪಿಲ್ಲರಿ, ಕ್ರೋಮೋಫೋಬ್ ಅನ್ನುವ ಬಗೆಗಳು ಕಮ್ಮಿ. ನನ್ನ ಮಾಡೆಲ್ ಎದುರಿಗೆ ಬಂದದ್ದಕ್ಕೆಲ್ಲ ಕ್ಲಿಯರ್ ಸೆಲ್ ಅನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದರೂ ಹೆಚ್ಚುಕಮ್ಮಿ ಅಷ್ಟೇ ಮಾರ್ಕ್ಸ್ ಬರುತ್ತದೆ, ಅಲ್ವಾ?

ಮೇಡಂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ತಾವು ಹೇಗೆ ಓದುತ್ತೇವೆ ಅಂತ ತೋರಿಸಿದರು. ಮೊದಲು ಕಾಂಟ್ರಾಸ್ಟ್, ಅಂದರೆ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ, ರಕ್ತನಾಳಕ್ಕೆ ಕೊಡುವ ಔಷಧಿ, ಕೊಡದೆ ತೆಗೆದ ಸ್ಕ್ಯಾನ್. ಆಮೇಲೆ ಕಾಂಟ್ರಾಸ್ಟ್ ಕೊಟ್ಟು ಅರ್ಧ ನಿಮಿಷದ ಸುಮಾರಿಗೆ ಒಂದು, ಒಂದೂವರೆ ನಿಮಿಷದ ಹೊತ್ತಿಗೆ ಇನ್ನೊಂದು. ಕ್ಲಿಯರ್ ಸೆಲ್ ಸಾಮಾನ್ಯವಾಗಿ ಬೇಗ ಬೆಳಗಿ ಬೇಗ ಮಂಕಾಗುತ್ತದೆ, ಪ್ಯಾಪಿಲ್ಲರಿ ಅಷ್ಟಾಗಿ ಬೆಳಗುವುದೇ ಇಲ್ಲ. ಅವರು ನೋಡುವುದು ಈ ಏರಿಳಿತವನ್ನು. ನನ್ನ ಹತ್ತಿರ ಇದ್ದದ್ದು ಒಬ್ಬೊಬ್ಬರದ್ದು ಒಂದೇ ಹೊತ್ತಿನ ಸ್ಕ್ಯಾನ್. "ಇದೊಂದನ್ನೇ ಕೊಟ್ರೆ ನನಗೂ ಕಷ್ಟ" ಅಂದರು.

ಇನ್ನೊಂದು ತಪ್ಪನ್ನೂ ಅವರೇ ಹಿಡಿದರು. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಅದು ಎಷ್ಟು ದಟ್ಟ ಅಂತ ಹೇಳುವ ಹೌನ್ಸ್‌ಫೀಲ್ಡ್ ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ −1000, ಕೊಬ್ಬಿಗೆ −100ರ ಸುತ್ತಮುತ್ತ. ಗಡ್ಡೆಯ ಒಳಗೆ ಕೊಬ್ಬು ಕಂಡರೆ ಅದು ಹೆಚ್ಚಾಗಿ ಆಂಜಿಯೋಮಯೋಲೈಪೋಮಾ, ಕ್ಯಾನ್ಸರ್ ಅಲ್ಲ. ನಾನೋ, ಪ್ರತಿ ಸ್ಲೈಸನ್ನೂ ಅದರದ್ದೇ ಅತಿ ಕಪ್ಪು, ಅತಿ ಬಿಳಿಗೆ ತಕ್ಕಂತೆ ಹಿಗ್ಗಿಸಿ ಮಾಮೂಲಿ ಫೋಟೋ ಮಾಡಿಬಿಟ್ಟಿದ್ದೆ. ಕೊಬ್ಬು ಒಂದು ಸ್ಲೈಸಿನಲ್ಲಿ ಒಂದು ಬೂದು, ಇನ್ನೊಂದರಲ್ಲಿ ಬೇರೆಯೇ ಬೂದು. ಇದ್ದ ಒಳ್ಳೆಯ ಸುಳಿವನ್ನು ನಾನೇ ಅಳಿಸಿಹಾಕಿದ್ದೆ.

ಹೊರಡುವಾಗ ಮೇಡಂ ಒಂದು ಕೇಸ್ ತೆಗೆಸಿದರು. ಆಂಕೋಸೈಟೋಮಾ. ಕ್ಯಾನ್ಸರ್ ಅಲ್ಲದ ಗಡ್ಡೆ, ಆದರೆ ಕ್ಲಿಯರ್ ಸೆಲ್ ಹಾಗೆಯೇ ಜೋರಾಗಿ ಬೆಳಗುತ್ತದೆ. ಸ್ಕ್ಯಾನ್ ನೋಡಿ ಖಚಿತವಾಗಿ ಹೇಳುವುದು ಅನುಭವ ಇದ್ದವರಿಗೂ ಕಷ್ಟ. ಮಾಡೆಲ್ ಇದಕ್ಕೂ ಕ್ಯಾನ್ಸರ್ ಅಂದಿತ್ತು, ಅದೂ ಪೂರ್ತಿ ಧೈರ್ಯದಿಂದ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳನ್ನು ಆಪರೇಷನ್ ಮಾಡಿ ತೆಗೆದಾಗ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದಿಲ್ಲ ಅಂತ ಅವರು ಹೇಳಿದರು. ನನ್ನ ಡೇಟಾದಲ್ಲಿ ಇರುವವರೆಲ್ಲರಿಗೂ ಆಪರೇಷನ್ ಆಗಿದೆ, ಈ ಆಂಕೋಸೈಟೋಮಾದವರಿಗೂ. ಮೂರು ತಿಂಗಳು ಅವರ ಸ್ಲೈಸ್‌ಗಳ ಜೊತೆಗೇ ಇದ್ದೆ, ಇವರು ಒಬ್ಬ ಮನುಷ್ಯರು, ಇವರಿಗೆ ಹೊಲಿಗೆ ಬಿದ್ದಿದೆ ಅನ್ನುವುದು ಆವತ್ತೇ ತಲೆಗೆ ಹೋಗಿದ್ದು.

ಮಾರನೇ ದಿನ ಹಳೇ ಸ್ಲೈಸ್ ರಾಶಿಯನ್ನೆಲ್ಲ ಡಿಲೀಟ್ ಮಾಡಿದೆ. ಹೌನ್ಸ್‌ಫೀಲ್ಡ್ ಅಂಕಿಗಳನ್ನು ಹಾಗೇ ಉಳಿಸಿಕೊಂಡು, ಒಬ್ಬರ ಗಡ್ಡೆಯನ್ನು ಒಂದೇ ಘನವಾಗಿ ಕೊಡುವ ಹಾಗೆ ಮೊದಲಿಂದ ಬರೆಯಲು ಕೂತೆ. ಶೀಟಿನ ಮೊದಲ ಕಾಲಂ ಈಗ ಕೇಸ್ ನಂಬರ್. ಟೆಸ್ಟಿಗೆ 42 ಜನ.