ಎಳ್ಳುಬೆಲ್ಲ ಕಟ್ಟಿಕೊಂಡು ಕಣಿವೆಗೆ ಇಳಿದದ್ದು

(2020ರ ಜನವರಿಯ ನೋಟ್‌ಬುಕ್ಕಿನಿಂದ. ಒಂದೆರಡು ವಾಕ್ಯ ತಿದ್ದಿದ್ದೇನೆ. ಉಳಿದದ್ದು ಅಂದು ಬರೆದುಕೊಂಡ ಹಾಗೆಯೇ ಇದೆ.)

ಜನವರಿ 17, 2020, ಶುಕ್ರವಾರ. ಗ್ರ್ಯಾಂಡ್ ಕ್ಯಾನ್ಯನ್, ದಕ್ಷಿಣದ ಅಂಚು

ಅರಿಜೋನಾದ ನಮ್ಮೂರು ಚಾಂಡ್ಲರ್ ಬಿಡುವಾಗ ಇನ್ನೂ ಕತ್ತಲು. ನಾವಿಬ್ಬರು, ಜೊತೆಗೆ ಹಿಂದಿನ ಬೀದಿಯ ಗೆಳತಿ. ಮೊನ್ನೆಯಷ್ಟೇ ಸಂಕ್ರಾಂತಿ ಆಯಿತು. ಬೀರಿ ಮಿಕ್ಕ ಎಳ್ಳುಬೆಲ್ಲವನ್ನು ಮೂರು ಪೊಟ್ಟಣ ಕಟ್ಟಿ ಮೂವರ ಚೀಲಕ್ಕೂ ಹಾಕಿದ್ದೇನೆ. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಬೆಟ್ಟ ಹತ್ತುವವರಿಗೆಂದು ಇಲ್ಲಿ ಅಂಗಡಿಯಲ್ಲಿ ಮಾರುವ ಯಾವ ತಿಂಡಿಯೂ ಇದಕ್ಕೆ ಸಮ ಬಾರದು. ಚಳಿಗಾಲಕ್ಕೆ ಎಣ್ಣೆಯೂ ಸಿಹಿಯೂ ಬೇಕು ಎಂದು ಯಾವ ಕಾಲದ ಅಜ್ಜಿ ಕಂಡುಕೊಂಡಳೋ, ಆಕೆಗೆ ನಮಸ್ಕಾರ.

ರಸ್ತೆ ಉತ್ತರಕ್ಕೆ ಏರುತ್ತಾ ಹೋಯಿತು. ಎರಡಾಳೆತ್ತರದ ಸಗುವಾರೊ ಪಾಪಾಸುಕಳ್ಳಿಗಳು ಒಂದು ಕಡೆ ಥಟ್ಟನೆ ನಿಂತುಹೋದವು. ಫ್ಲ್ಯಾಗ್‌ಸ್ಟಾಫ್ ಮುಟ್ಟುವ ಹೊತ್ತಿಗೆ ಸುತ್ತ ಪೈನ್ ಕಾಡು, ರಸ್ತೆಯ ಅಂಚಿನಲ್ಲಿ ಮೊಣಕಾಲುದ್ದದ ಹಿಮ. ಆ ಊರು ಏಳು ಸಾವಿರ ಅಡಿ ಎತ್ತರದಲ್ಲಿದೆ. ಕಣಿವೆಯ ದಕ್ಷಿಣದ ಅಂಚೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಾಳೆ ನಾವು ಇಳಿಯಲಿರುವ ತಳದಲ್ಲಿ ಹಿಮ ಇಲ್ಲ, ಕಳ್ಳಿ ಇದೆ. ಹತ್ತು ವರ್ಷದಿಂದ ಈ ರಾಜ್ಯದಲ್ಲಿದ್ದೇನೆ, ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು ವಾಪಸಾದದ್ದು ಮೂರು ಸಲ. ಒಳಗೆ ಒಂದು ರಾತ್ರಿ ಮಲಗಲು ನಾಲ್ಕು ತಿಂಗಳ ಹಿಂದೆಯೇ ಫ್ಯಾಕ್ಸ್ ಮಾಡಿ ಪರವಾನಗಿ ಕೇಳಬೇಕಿತ್ತು. ಈ ಬಾರಿ ಸಿಕ್ಕಿತು.

ಮಧ್ಯಾಹ್ನ ಅಂಚಿನ ಮೇಲಿನ 'ಕಾಲದ ಹಾದಿ'ಯಲ್ಲಿ ನಡೆದೆ. 2010ರಲ್ಲಿ ಮಾಡಿದ್ದು. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದಂತೆ. ನೆಲದಲ್ಲಿ ಲೋಹದ ಗುರುತುಗಳು, ಪಕ್ಕದಲ್ಲಿ ಕಣಿವೆಯಿಂದಲೇ ತಂದು ನಿಲ್ಲಿಸಿದ ಕಲ್ಲುಗಳು, ಮುಟ್ಟಿ ನೋಡಬಹುದು. ಕೊಲೊರಾಡೊ ನದಿ ಈ ಕಣಿವೆಯನ್ನು ಕೊರೆದದ್ದು ಐದಾರು ಹೆಜ್ಜೆಯಲ್ಲೇ ಮುಗಿದುಹೋಗುತ್ತದೆ. ಅಂಚಿನ ಸುಣ್ಣಕಲ್ಲಿಗೆ 270 ಹೆಜ್ಜೆ. ಆಮೇಲೆ ನಡೆಯುವುದೇ ನಡೆಯುವುದು. 1,700 ದಾಟಿದ ಮೇಲೆ ಕಪ್ಪಗೆ ಮಿನುಗುವ ಕಲ್ಲೊಂದು ಬಂತು. ಹೆಸರು ವಿಷ್ಣು ಶಿಸ್ಟ್.

ಹೌದು, ನಮ್ಮ ವಿಷ್ಣುವೇ. 1880ರ ದಶಕದಲ್ಲಿ ಇಲ್ಲಿ ಅಧ್ಯಯನ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ಕಣಿವೆಯೊಳಗಿನ ಶಿಖರಗಳು ಗೋಪುರಗಳಂತೆ ಕಂಡವು. ವಿಷ್ಣು, ಶಿವ ಎಂದು ಹೆಸರಿಟ್ಟ. ವಿಷ್ಣುವಿನ ಹೆಸರು ಮುಂದೆ ತಳದ ಶಿಲೆಗೂ ಅಂಟಿತು. ಶಾಲೆಯ ಮಕ್ಕಳ ಗುಂಪೊಂದು ಅದನ್ನು 'ವಿಶ್ನೂ' ಎಂದು ಓದುತ್ತಾ ಸಾಗಿದಾಗ, ಯಾಕೋ ಗಂಟಲು ಕಟ್ಟಿತು.

ಗಂಟಲು ಕಟ್ಟಿದ್ದು ಹೆಸರಿಗಲ್ಲ, ಲೆಕ್ಕಕ್ಕೆ. ವಿಷ್ಣು ಶಿಲೆಗೆ ಸುಮಾರು 170 ಕೋಟಿ ವರ್ಷ. ನನ್ನ ಬಾಲ್ಯವೆಲ್ಲ ಜಾರಿದ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ. ಅಪ್ಪ ಬೆಳಗಿನ ವಾಕಿಂಗಿಗೆ ಕರೆದೊಯ್ಯುತ್ತಿದ್ದರು. ಅವರು ಕೆಂಪೇಗೌಡರ ಗೋಪುರದ ಬಳಿ ಗೆಳೆಯರೊಡನೆ ಹರಟುತ್ತಿದ್ದರೆ ನಾನೂ ತಮ್ಮನೂ ಬಂಡೆಯ ಇಳಿಜಾರಿನಲ್ಲಿ ಕೂತು ಜಾರುತ್ತಿದ್ದೆವು. ನನ್ನ ಎರಡು ಲಂಗ ಹರಿದದ್ದು ಆ ಬಂಡೆಯ ಮೇಲೆಯೇ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ತಿಳಿದದ್ದು ಈ ದೇಶಕ್ಕೆ ಬಂದು, ಇಲ್ಲಿನ ಕಲ್ಲಿನ ಬಗ್ಗೆ ಓದತೊಡಗಿದ ಮೇಲೆ. ನಾಚಿಕೆಯಾಗುತ್ತದೆ.

ವಿಷ್ಣು ಶಿಲೆಯ ಬಳಿ ನಿಲ್ಲದೆ ಅಂಚಿನ ಹಾದಿಯಲ್ಲಿ ಎಣಿಸುತ್ತಾ ಮುಂದಕ್ಕೆ ನಡೆದೆ. ಲಾಲ್‌ಬಾಗ್ ಮುಟ್ಟಲು ಇನ್ನೂ ಒಂದೂಕಾಲು ಕಿಲೋಮೀಟರ್. ಕೊನೆಗೆ ನಿಂತ ಜಾಗದಲ್ಲಿ ಜೂನಿಪರ್ ಮರ, ಹಿಮ, ಸಂಜೆಯ ಗಾಳಿ. ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. ಇವರು ಹುಡುಕಿಕೊಂಡು ಬಂದರು.

ಜನವರಿ 18, ಶನಿವಾರ. ಬ್ರೈಟ್ ಏಂಜೆಲ್ ಬಿಡಾರ, ಕಣಿವೆಯ ತಳ

ಕೈಬೆರಳು ಸರಿಯಾಗಿ ಮಡಚುತ್ತಿವೆ, ಬರೆಯಬಹುದು.

ಬೆಳಿಗ್ಗೆ ಎಂಟರ ಬಸ್ಸಿಗೆ ಸೌತ್ ಕೈಬಾಬ್ ಹಾದಿಯ ತಲೆಗೆ ಬಂದೆವು. ಅಲ್ಲಿಗೆ ಸ್ವಂತ ಕಾರು ಒಯ್ಯುವಂತಿಲ್ಲ. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಹನ್ನೊಂದು ಕಿಲೋಮೀಟರಿನಲ್ಲಿ 4,800 ಅಡಿ ಇಳಿಯುವ ಈ ಹಾದಿಯಲ್ಲಿ ಹನಿ ನೀರು ಸಿಗುವುದಿಲ್ಲ, ತಲಾ ಮೂರು ಲೀಟರ್ ಹೊತ್ತಿದ್ದೆವು. ಗೆಳತಿಯ ನೀರಿನ ಚೀಲದಿಂದ ಹೀರುವ ಕೊಳವೆ ಹತ್ತೇ ನಿಮಿಷಕ್ಕೆ ಹೆಪ್ಪುಗಟ್ಟಿತು. ಹೀರಿದ ಕೂಡಲೇ ಊದಿ ನೀರನ್ನು ಚೀಲಕ್ಕೆ ವಾಪಸ್ ತಳ್ಳಬೇಕು, ಅವಳಿಗೆ ಅದನ್ನು ಹೇಳಲು ನಾನೇ ಮರೆತಿದ್ದೆ. ಬಾಟಲಿಯಾದರೆ ತಲೆಕೆಳಗಾಗಿ ಇಟ್ಟುಕೊಳ್ಳುವುದು ವಾಸಿ. ಮಂಜು ಕಟ್ಟುವುದು ಮೇಲ್ಭಾಗದಲ್ಲಿ, ಬಾಯಿ ಕೆಳಗಿದ್ದರೆ ಕುಡಿಯಲು ದಾರಿ ತೆರೆದಿರುತ್ತದೆ.

ಮೊದಲ ಒಂದೂವರೆ ಕಿಲೋಮೀಟರ್ ನಿಜಕ್ಕೂ ಹೆದರಿಕೆಯದು. ಗೋಡೆಯಂಥ ಬಂಡೆಗೆ ಅಂಟಿಕೊಂಡ ತಿರುವುಗಳು, ಬಿಸಿಲು ಕಾಣದ ಮಂಜುಗಡ್ಡೆ, ಅದರ ಮೇಲೆ ಹೇಸರಗತ್ತೆಗಳು ತುಳಿದು ಗಾಜಿನಷ್ಟು ನುಣುಪು. ಬೂಟಿನಡಿಗೆ ಉಕ್ಕಿನ ಮುಳ್ಳುಗಳ ಸರಪಳಿ ಬಿಗಿದುಕೊಂಡು, ಒಂದೊಂದು ಹೆಜ್ಜೆಯನ್ನೂ ಊರಿ ಊರಿ ಇಟ್ಟೆವು. ಬರಿ ಬೂಟಿನಲ್ಲಿ ಇಳಿಯುತ್ತಿದ್ದ ಒಬ್ಬ ಹುಡುಗ ನಮ್ಮ ಕಣ್ಣೆದುರೇ ಜಾರಿ, ಅಂಚಿಗೆ ಒಂದು ಮಾರು ಇರುವಾಗ ನಿಂತ. ಪಾಪ, ಬಿಳಿಚಿಕೊಂಡು ವಾಪಸ್ ಹತ್ತಿದ. ದಯವಿಟ್ಟು ಚಳಿಗಾಲದಲ್ಲಿ ಬರುವವರು ಆ ಸರಪಳಿ ಇಲ್ಲದೆ ಇಳಿಯಬೇಡಿ.

ಎದುರಿನಿಂದ ಹೇಸರಗತ್ತೆಗಳ ಸಾಲು ಬಂತು. ಬೆಟ್ಟದ ಗೋಡೆಯ ಕಡೆ ಒತ್ತಿಕೊಂಡು, ಮಾತಾಡದೆ ನಿಲ್ಲಬೇಕು, ಕಮರಿಯ ಕಡೆ ಎಂದೂ ನಿಲ್ಲಬಾರದು. ಅವುಗಳ ಮೂಗಿನಿಂದ ಹೊರಟ ಹಬೆ ನಮ್ಮ ಮುಖಕ್ಕೆ ಬಡಿಯಿತು.

ಸೀಡರ್ ದಿಣ್ಣೆಯ ಹೊತ್ತಿಗೆ ಮಂಜು ಮುಗಿದು ಕೆಂಪು ಕೆಸರು ಶುರು. ಸರಪಳಿ ಬಿಚ್ಚಿದೆವು, ಒಂದು ಸ್ವೆಟರ್ ಕಳಚಿದೆವು. ಈ ಹಾದಿ ಬೆಟ್ಟದ ಬೆನ್ನ ಮೇಲೇ ಸಾಗುವುದರಿಂದ ಎರಡೂ ಕಡೆ ಕಣಿವೆ ತೆರೆದಿರುತ್ತದೆ, ಎದುರಿಗೆ ಬ್ರಹ್ಮನ ಶಿಖರ, ಅದರ ಪಕ್ಕ ಜರತುಷ್ಟ್ರನದು. ಅಷ್ಟರಲ್ಲಾಗಲೇ ನಾವು ಒಂದು ಮರುಭೂಮಿಯನ್ನು ದಾಟಿ ಬಂದಿದ್ದೆವು. ಕೊಕೊನಿನೊ ಎಂಬ ಆ ನಸುಬಿಳಿ ಮರಳುಗಲ್ಲು ಒಂದು ಕಾಲಕ್ಕೆ ಗಾಳಿ ಪೇರಿಸಿದ ಮರಳಿನ ದಿಬ್ಬಗಳಾಗಿತ್ತು. ಓರೆಯಾಗಿ ಬಿದ್ದ ಪದರಗಳು ಈಗಲೂ ಹಾಗೇ ಇವೆ. ಅದರ ಮೇಲೆ ಓಡಾಡಿದ ಪ್ರಾಣಿಗಳ ಹೆಜ್ಜೆಗುರುತುಗಳು ಅಲ್ಲಲ್ಲಿ ಕಲ್ಲಾಗಿ ಉಳಿದಿವೆ. ಕಲ್ಲಿನೊಳಗಿನ ಮರುಭೂಮಿಯನ್ನು ಹಾದು ಈಗಿನ ಮರುಭೂಮಿಗೆ ಇಳಿಯುವುದು!

ಆಮೇಲೆ ರೆಡ್‌ವಾಲ್, 34 ಕೋಟಿ ವರ್ಷದ ಸುಣ್ಣಕಲ್ಲಿನ ಗೋಡೆ. ಅದರ ನಿಜವಾದ ಬಣ್ಣ ಬೂದು. ಮೇಲಿನ ಪದರಗಳ ಕಬ್ಬಿಣದ ಕೆಂಪು ಮಳೆಯಲ್ಲಿ ಇಳಿದು ಇಳಿದು ಅದನ್ನು ಬಳಿದಿದೆ. ಇಲ್ಲಿ ಮೊಣಕಾಲು ಮಾತಾಡತೊಡಗಿತು. ನಮ್ಮೂರಿನ ಬೆಟ್ಟಗಳು ಮೊದಲು ದುಡಿಸಿ ಆಮೇಲೆ ಬಿಡುತ್ತವೆ. ಇಲ್ಲಿ ಇಳಿಯುವಾಗಿನ ಸಲೀಸು ಸಾಲ ಇದ್ದ ಹಾಗೆ, ನಾಳೆ ತೀರಿಸಬೇಕು.

ಎರಡು ಗಂಟೆಗೆ ಕಣಿವೆಯ ಒಳಗಿನ ಕಮರಿ ಸೇರಿದೆವು. ಇಲ್ಲಿ ಎಲ್ಲ ಪದರಗಳೂ ಮುಗಿದುಹೋಗುತ್ತವೆ. 50 ಕೋಟಿ ವರ್ಷದ ಕಂದು ಮರಳುಗಲ್ಲು, ಹಲವೆಡೆ ಅದರ ಕೆಳಗೆ ನೇರವಾಗಿ ವಿಷ್ಣು. ಅಲ್ಲೆಲ್ಲ ನಡುವಿನ ಸುಮಾರು 120 ಕೋಟಿ ವರ್ಷದ ಕಲ್ಲು ಇಲ್ಲವೇ ಇಲ್ಲ, ಸವೆದು ಕೊಚ್ಚಿಹೋಗಿದೆ. ಹಳೆಯ ಸಮುದ್ರದ ಕೆಸರು, ಜ್ವಾಲಾಮುಖಿಯ ಬೂದಿ ಭೂಮಿಯ ಆಳಕ್ಕಿಳಿದು ಬೆಂದು ಒತ್ತಿಹೋಗಿ ಆದ ಕಪ್ಪು ಶಿಲೆ ಇದು. ಅದರೊಳಗೆ ನುಗ್ಗಿ ತಣ್ಣಗಾದ ಗುಲಾಬಿ ಗ್ರಾನೈಟಿನ ಎಳೆಗಳು, ಕರಿ ಕಂಬಳಿಯಲ್ಲಿ ಕೆಂಪು ನೂಲು ಓಡಿದ ಹಾಗೆ. ಕೈಗವಸು ತೆಗೆದು ಅಂಗೈ ಊರಿದೆ. ನೆರಳಿನ ಬದಿ, ಕಲ್ಲು ಕೊರೆಯುತ್ತಿತ್ತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

ಬಂಡೆ ಕೊರೆದ ಒಂದು ಕತ್ತಲ ಸುರಂಗ, ಅದು ಮುಗಿದದ್ದೇ ಕಪ್ಪು ತೂಗುಸೇತುವೆ. 1928ರದ್ದು. ಅದರ ಮುಖ್ಯ ಹಗ್ಗಗಳು ಉಕ್ಕಿನವು, ಒಂದೊಂದೂ ಸುಮಾರು ಒಂದು ಟನ್. ಹೇಸರಗತ್ತೆಯ ಮೇಲೆ ಹೇರಲಾಗದ್ದನ್ನು ಇಲ್ಲಿನ ಮೂಲನಿವಾಸಿಗಳಾದ ಹವಾಸುಪೈ ಜನ ಹೊತ್ತು ತಂದರು, 42 ಮಂದಿ ಸಾಲಾಗಿ ಹೆಗಲು ಕೊಟ್ಟು, ನಾವು ಕೋಲೂರಿ ಇಳಿದ ಇದೇ ತಿರುವುಗಳಲ್ಲಿ. ಸೇತುವೆಯ ನಡುವೆ ನಿಂತು ಹಗ್ಗ ಹಿಡಿದುಕೊಂಡಾಗ ಆ 42 ಹೆಗಲುಗಳನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಕೆಳಗೆ ನದಿ ಹಸಿರು. ಕೊಲೊರಾಡೊ ಎಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪಗಿನದು. ಮೇಲ್ಗಡೆ 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ತಡೆದಂದಿನಿಂದ ಕೆಸರೆಲ್ಲ ಅಲ್ಲೇ ಕೂತು, ಇಲ್ಲಿಗೆ ಬರುವುದು ತಿಳಿಯಾದ ಹಿಮದಂಥ ನೀರು. ನೋಡಲು ಚೆಂದವೇ. ಆದರೆ ನದಿಯ ಬಣ್ಣವನ್ನೇ ಕಸಿದುಕೊಂಡು ಹೆಸರನ್ನು ಮಾತ್ರ ಉಳಿಸಿದ್ದು ನನಗೆ ಸರಿಕಾಣುವುದಿಲ್ಲ.

ಬಿಡಾರದಲ್ಲಿ ಹನ್ನೆರಡು ಡಿಗ್ರಿ, ಸ್ವರ್ಗ. ಪಕ್ಕದ ಫ್ಯಾಂಟಮ್ ರಾಂಚ್ 1922ರಿಂದ ಇದೆ, ಮೇರಿ ಕೋಲ್ಟರ್ ಎಂಬಾಕೆ ವಿನ್ಯಾಸ ಮಾಡಿದ ಕಲ್ಲಿನ ಕುಟೀರಗಳು. ಅಲ್ಲಿ ಪೋಸ್ಟ್‌ಕಾರ್ಡ್ ಹಾಕಿದರೆ 'ಕಣಿವೆಯ ತಳದಿಂದ ಹೇಸರಗತ್ತೆಯ ಮೂಲಕ' ಎಂಬ ಮುದ್ರೆ ಒತ್ತುತ್ತಾರೆ, ಹೇಸರಗತ್ತೆಯೇ ಅದನ್ನು ಮೇಲಕ್ಕೆ ಒಯ್ಯುತ್ತದೆ. ಜಯನಗರದ ಅಪ್ಪನಿಗೆ ಬರೆದೆ: "ಇಲ್ಲಿ ಎಲ್ಲಕ್ಕಿಂತ ಕೆಳಗಿನ ಕಲ್ಲು ಮುಟ್ಟಿದೆ. ನಿಮ್ಮ ವಾಕಿಂಗಿನ ಬಂಡೆ ಅದಕ್ಕಿಂತ 130 ಕೋಟಿ ವರ್ಷ ದೊಡ್ಡದು. ಗೋಪುರದ ಹತ್ತಿರದ ಫಲಕ ಓದಿ."

ಸ್ಟೌವಿನ ಮೇಲೆ ಉಪ್ಪಿಟ್ಟು. ಉಳಿದ ಎಳ್ಳುಬೆಲ್ಲ ಈಗ ಬಿಡಾರದ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರ, ರಿಂಗ್‌ಟೇಲ್ ಎಂಬ ಪಟ್ಟೆಬಾಲದ ಪುಟ್ಟ ಪ್ರಾಣಿ ರಾತ್ರಿ ಚೀಲ ಹರಿಯುತ್ತದಂತೆ.

ಚಂದ್ರ ಇನ್ನೂ ಬಂದಿಲ್ಲ. ಎರಡು ಗೋಡೆಗಳ ನಡುವಿನ ಆಕಾಶದ ಪಟ್ಟಿಯಲ್ಲಿ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಬಂದು ನಿಂತಿದ್ದಾನೆ. ಅವನ ಭುಜದ ಆರಿದ್ರೆ ಈ ಚಳಿಗಾಲ ಮಂಕಾಗಿದೆ ಎಂದು ಎಲ್ಲೆಡೆ ಸುದ್ದಿ. ನಿಜ. ರೋಹಿಣಿಯ ಜೊತೆ ಹೋಲಿಸಿ ನೋಡಿದೆವು, ಗೊತ್ತಾಗುವಷ್ಟು ಕಮ್ಮಿ ಇದೆ. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಎನ್ನುತ್ತಿದ್ದ ಅಜ್ಜಿಗೆ ಇದನ್ನು ಹೇಳಿದ್ದರೆ ಮಳೆಯ ಗತಿಯೇನು ಎಂದು ಕೇಳುತ್ತಿದ್ದಳು.

ಜನವರಿ 19, ಭಾನುವಾರ. ಮತ್ತೆ ಅಂಚಿನ ಮೇಲೆ

ಸುಸ್ತು. ಚಿಕ್ಕದಾಗಿ ಬರೆಯುತ್ತೇನೆ.

ಆರೂವರೆಗೆ ಹೊರಟು ಬೆಳ್ಳಿ ಸೇತುವೆ ದಾಟಿ, ಬ್ರೈಟ್ ಏಂಜೆಲ್ ಹಾದಿ ಹಿಡಿದೆವು. ಹದಿನೈದು ಕಿಲೋಮೀಟರ್, 4,400 ಅಡಿ ಏರು. ಮೊದಲ ಮೂರು ಗಂಟೆ ಹಾಡಿಕೊಂಡೇ ಹತ್ತಿದೆವು.

ನಡುದಾರಿಯಲ್ಲಿ ಇಂಡಿಯನ್ ಗಾರ್ಡನ್. ಎಲೆ ಉದುರಿದ ದೊಡ್ಡ ಕಾಟನ್‌ವುಡ್ ಮರಗಳು, ಹರಿಯುವ ತೊರೆ. ಇದು ಹವಾಸುಪೈ ಜನರ ಹೊಲವಾಗಿತ್ತು. ರಾಷ್ಟ್ರೀಯ ಉದ್ಯಾನವಾದ ಮೇಲೆ ಒಬ್ಬೊಬ್ಬರನ್ನೇ ಒಕ್ಕಲೆಬ್ಬಿಸಿದರು. ಕೊನೆಯವರು ಹೋದದ್ದು 1928ರಲ್ಲಿ. ಸೇತುವೆಯ ವರ್ಷವೂ ಅದೇ. ನೀರು ತುಂಬಿಸಿಕೊಳ್ಳುತ್ತಾ ಇದು ಹೊಳೆದಾಗ ನಲ್ಲಿ ನಿಲ್ಲಿಸುವುದನ್ನೂ ಮರೆತೆ. ಹೆಗಲು ಕೊಟ್ಟವರಿಗೆ ಹೊಲ ಇಲ್ಲವಾಯಿತು. (ಬ್ಲಾಗಿಗೆ ಹಾಕುವಾಗ ಸೇರಿಸಿದ್ದು: 2022ರ ನವೆಂಬರಿನಲ್ಲಿ, ಹವಾಸುಪೈ ಜನರ ಕೋರಿಕೆಯಂತೆ, ಈ ಜಾಗದ ಹೆಸರನ್ನು ಹವಾಸುಪೈ ಗಾರ್ಡನ್ಸ್ ಎಂದು ಬದಲಿಸಿದರು. ಓದಿ ತುಂಬಾ ಸಂತೋಷವಾಯಿತು.)

ಚಳಿಗಾಲದಲ್ಲಿ ಇಲ್ಲಿಂದ ಮೇಲೆ ನೀರಿನ ನಲ್ಲಿ ಬಂದ್. ಕೊನೆಯ ಐದು ಕಿಲೋಮೀಟರಿನಲ್ಲಿ ಇವರ ತೊಡೆ ಹಿಡಿದುಕೊಂಡಿತು. ಐವತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಐವತ್ತು. ಪ್ರತಿ ನಿಲುಗಡೆಗೂ ಒಂದು ಚೂರು ಬೆಲ್ಲ. ಅದು ಕಲ್ಲಾಗಿತ್ತು, ಬಾಯಲ್ಲಿ ಕರಗಲು ಐವತ್ತು ಹೆಜ್ಜೆಯೇ ಬೇಕಾಯಿತು. ಮಂಜು ಶುರುವಾದಲ್ಲಿ ಮತ್ತೆ ಸರಪಳಿ. ಗೆಳತಿ ಇವರ ಮಲಗುಚೀಲವನ್ನು ಕೇಳದೆಯೇ ಬಿಚ್ಚಿ ತನ್ನ ಬೆನ್ನಿಗೆ ಕಟ್ಟಿಕೊಂಡಳು. ಮೂರೂವರೆಗೆ ಅಂಚು. ಮೂವರೂ ಮಾತಾಡದೆ ಕಟ್ಟೆಯ ಮೇಲೆ ಕೂತೆವು.

ಜನವರಿ 20, ಸೋಮವಾರ. ಮನೆ

ಬೂಟು ತೊಳೆದ ಬಕೆಟ್ಟಿನ ನೀರು ಪೂರ್ತಿ ಕೆಂಪು. ಚೆಲ್ಲಲು ಮನಸ್ಸು ಬರಲಿಲ್ಲ, ಕರಿಬೇವಿನ ಕುಂಡಕ್ಕೆ ಹಾಕಿದೆ.

ಫೆಬ್ರವರಿ 16, ಭಾನುವಾರ

ಕಾರ್ಡ್ ತಲುಪಿದೆ. ಅಪ್ಪ ಫೋನ್ ಮಾಡಿದ್ದರು. ಲಾಲ್‌ಬಾಗಿನ ಗೆಳೆಯರಿಗೆಲ್ಲ ಮುದ್ರೆ ತೋರಿಸಿಯಾಗಿದೆ. ಹೇಸರಗತ್ತೆಗೆ ಆ ಮಂಜಿನಲ್ಲಿ ಕಾಲು ಜಾರುವುದಿಲ್ಲವೇ, ಅದಕ್ಕೂ ಲಾಳಕ್ಕೆ ಮುಳ್ಳು ಹೊಡೆಯುತ್ತಾರಾ ಎಂದು ಕೇಳಿದರು. ಫಲಕ ಓದಿದಿರಾ ಎಂದು ಕೇಳಿದೆ.

"ಹೋಗಿದ್ದೆ ಕಣೇ. ಕನ್ನಡಕ ಮನೇಲೇ ಬಿಟ್ಟು ಹೋಗಿದ್ದೆ. ನಾಳೆ ತಗೊಂಡು ಹೋಗ್ತೀನಿ."