ಅಪ್ಪನ ಹಾಡು, ಮಗಳ ಶ್ರುತಿ

ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಪ್ಯಾಮ್ ಟಿಲ್ಲಿಸ್ 2002ರಲ್ಲಿ ತಂದೆ, ಗಾಯಕ ಮೆಲ್ ಟಿಲ್ಲಿಸ್ ಬರೆದ ಹಾಡುಗಳದ್ದೇ ಒಂದು ಆಲ್ಬಮ್ ತಂದರು: 'ಇಟ್ಸ್ ಆಲ್ ರೆಲೆಟಿವ್'. ಮೆಲ್ ಮಾತಾಡುವಾಗ ತೊದಲುತ್ತಿದ್ದರು, ಹಾಡುವಾಗ ಅದರ ಸುಳಿವೇ ಇರುತ್ತಿರಲಿಲ್ಲ.

ಇಂಥ ಆಲ್ಬಮ್ ಎಡವುವುದು ಹೆಚ್ಚಾಗಿ ಶ್ರುತಿಯಲ್ಲಿ. ಗಂಡುದನಿಯ ಹಾಡನ್ನು ಹೆಣ್ಣುದನಿಗೆ ತರಲು ಸಾಮಾನ್ಯವಾಗಿ ನಾಲ್ಕೈದು ಅರ್ಧಸ್ವರವಾದರೂ ಏರಿಸಬೇಕು. ಗಿಟಾರಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಹಿಡಿಕೆ) ಬಿಗಿದರೆ ಮುಗಿಯಿತು. ಪೆಡಲ್ ಸ್ಟೀಲ್‌ನಲ್ಲಿ, ಅಂದರೆ ತಂತಿಗಳ ಮೇಲೆ ಲೋಹದ ಸರಳು ಜಾರಿಸಿ, ಪೆಡಲ್ ತುಳಿದು ನುಡಿಸುವ ಗಿಟಾರಿನಲ್ಲಿ, ಹಾಗಲ್ಲ, ತೆರೆದ ತಂತಿಯ ನಾದ ಕೈತಪ್ಪಬಹುದು. ನುಡಿಸುವವರು ಬೇರೆ ಜಾಗ ಹುಡುಕಬೇಕು.

ಆಲ್ಬಮ್‌ನ 'ಸೋ ರಾಂಗ್' ಹಾಡಿಗೆ ಈ ತಾಪತ್ರಯವಿಲ್ಲ, ಅದನ್ನು 1962ರಲ್ಲೇ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದ್ದರು. ಹೋಲಿಕೆಯ ಭಯ ಮಾತ್ರ ಬೆನ್ನು ಬಿಡದು! 'ಡೆಟ್ರಾಯಿಟ್ ಸಿಟಿ' ಇನ್ನೂ ಕಷ್ಟ: ಹಗಲು ಕಾರು ಕಟ್ಟಿ, ರಾತ್ರಿ ಬಾರಿನಲ್ಲಿ ಕೂತು, ಊರಿಗೆ ಮರಳಲು ಹಂಬಲಿಸುವ ಗಂಡಸಿನ ಗೋಳು ಅದು. ಗಾಯಕ ಬಾಬಿ ಬೇರ್ ಹಾಡಿದ 1963ರ ಧ್ವನಿಮುದ್ರಿಕೆಯನ್ನು ಮೊದಲು ಕೇಳಿ, ಆಮೇಲೆ ಪ್ಯಾಮ್ ಹಾಡಿದ್ದನ್ನು.