“ಯಾವ ಗಿಂಬಲ್ ತಗೊಳ್ಳಲಿ?” ಅನ್ನುವವರಿಗೆ

ಮಡಿಕೇರಿಯ ರಾಜಾಸೀಟಿನ ಕಣಿವೆಯನ್ನೋ ಕೊಡಗಿನದೇ ಮಾಂದಲಪಟ್ಟಿಯ ಬೆಟ್ಟಸಾಲನ್ನೋ ಹಲವು ಫೋಟೋ ಜೋಡಿಸಿ ಮಾಡಿದ ಪನೋರಮಾ ಹಾಕಿದ ಕೂಡಲೇ ಬರುವ ಪ್ರಶ್ನೆ ಇದು. ಗಿಂಬಲ್ ಎಂದರೆ ಕ್ಯಾಮೆರಾವನ್ನು ಅಲುಗದಂತೆ ಹಿಡಿದು ಮೋಟಾರಿನಿಂದ ತಿರುಗಿಸುವ ಹಿಡಿಕೆ. ನಿಮ್ಮ ಕ್ಯಾಮೆರಾ, ಲೆನ್ಸಿನ ಭಾರ ಹೊರುವ, ಆಪ್‌ನಲ್ಲಿ ಪನೋರಮಾ ಮೋಡ್ ಇರುವ ಯಾವುದಾದರೂ ಆದೀತು. ಬ್ರ್ಯಾಂಡ್ ವಿಚಾರ ಇಲ್ಲಿಗೆ ಮುಗಿಯಿತು. ಅದರ ಬೆನ್ನಿಗೇ “ಬಟನ್ ಒತ್ತಿದ್ರೆ ಅದೇ ಎಲ್ಲಾ ಮಾಡುತ್ತಲ್ವಾ?” ಅಂತಾರಲ್ಲ, ಅದಕ್ಕೆ ಸುಮ್ಮನಿರಲಾಗುವುದಿಲ್ಲ. ಇಲ್ಲ, ಮಾಡುವುದಿಲ್ಲ.

ಗಿಂಬಲ್ ನೀವು ಕೊಟ್ಟ ಲೆಕ್ಕದಂತೆ ತಿರುಗುತ್ತದೆ, ಅಷ್ಟೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾವನ್ನು 50 ಎಂಎಂ ಲೆನ್ಸಿನೊಂದಿಗೆ ಉದ್ದುದ್ದ ನಿಲ್ಲಿಸಿದರೆ ಒಂದು ಫ್ರೇಮಿನ ಅಗಲ ಸುಮಾರು 27 ಡಿಗ್ರಿ. ಪಕ್ಕದ ಫ್ರೇಮಿನ ಮೇಲೆ ಶೇ. 30 ಓವರ್‌ಲ್ಯಾಪ್ ಇಟ್ಟರೆ ಪ್ರತಿಸಲ 19 ಡಿಗ್ರಿ ಸರಿಯಬೇಕು. 180 ಡಿಗ್ರಿ ಮುಗಿಸಲು ಹತ್ತು ಫ್ರೇಮ್. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್‌-ಸಿ ಕ್ಯಾಮೆರಾ ಹಾಕಿ ಆಪ್‌ನಲ್ಲಿ ಫುಲ್ ಫ್ರೇಮ್ ಎಂದೇ ಬಿಟ್ಟಿರೋ, ಫ್ರೇಮಿನ ಅಗಲ 18 ಡಿಗ್ರಿ ಆಸುಪಾಸು, ಸರಿಯುವುದು 19. ಒಂದಕ್ಕೊಂದು ತಾಗುವುದೇ ಇಲ್ಲ, ಯಾವ ಸಾಫ್ಟ್‌ವೇರ್ ಬಂದರೂ ಜೋಡಿಸಲಾರದು.

ಎಕ್ಸ್‌ಪೋಷರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನುಯಲ್. ದೂರದ ಬೆಟ್ಟಕ್ಕೆ ಫೋಕಸ್ ಹಿಡಿದು ಆಟೋಫೋಕಸ್ ಆಫ್ ಮಾಡಿ. ಪೋಲರೈಸರ್ ಫಿಲ್ಟರ್ ಬಿಚ್ಚಿಡಿ, ಅಗಲವಾದ ಆಕಾಶದಲ್ಲಿ ಅದು ಒಂದು ಕಡೆ ಕಡುನೀಲಿ ಪಟ್ಟೆ ಬಿಡುತ್ತದೆ. ರಾಜಾಸೀಟಿನ ಸಂಜೆಗೆ ಸೂರ್ಯನ ಪಕ್ಕದ ಫ್ರೇಮ್ ನೋಡಿ ಎಕ್ಸ್‌ಪೋಷರ್ ಕಟ್ಟಿ, ಎಲ್ಲದಕ್ಕೂ ಅದನ್ನೇ ಇಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ಕಣಿವೆ ಸರಿಯಾಗಿ ಜೋಡಿಸಿಕೊಂಡಿತು, ಅದೇ ಸೆಟ್ಟಿಂಗಿನಲ್ಲಿ ಕಾಫಿ ತೋಟದೊಳಗೆ ತೆಗೆದರೆ ಸಿಲ್ವರ್ ಓಕ್ ಮರ ಎರಡಾಗಿ ಒಡೆಯುವುದೇಕೆ?

ಕ್ಯಾಮೆರಾ ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಎಂಬುದರಲ್ಲಿ ಉತ್ತರವಿದೆ. ಗಿಂಬಲ್ಲಿಗೆ ಬೇಕಾದ್ದು ತೂಕದ ಸಮತೋಲ, ಜೋಡಣೆಗೆ ಬೇಕಾದ್ದು ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ ಮುಂದಿನಿಂದ ನೋಡಿದಾಗ ಕಾಣುವ ಜಾಗದ ಸುತ್ತಲೇ ತಿರುಗುವುದು. ಸಮತೋಲ ಮಾಡಿದಾಗ ಆ ಜಾಗ ಸಾಮಾನ್ಯವಾಗಿ ಗಿಂಬಲ್ ತಿರುಗುವ ಅಕ್ಷಕ್ಕಿಂತ ಮುಂದೆ ಬೀಳುತ್ತದೆ. 5 ಸೆಂ.ಮೀ. ಮುಂದಿದೆ ಎನ್ನಿ. 19 ಡಿಗ್ರಿ ತಿರುಗುವಷ್ಟರಲ್ಲಿ ಲೆನ್ಸು ಪಕ್ಕಕ್ಕೆ 1.6 ಸೆಂ.ಮೀ. ಜರುಗುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 2 ಮೀಟರ್ ದೂರದ ಮರ ಹಿನ್ನೆಲೆಯ ಬೆಟ್ಟದೆದುರು ಸುಮಾರು 65 ಪಿಕ್ಸೆಲ್ ಜಾರಿತು. 50 ಮೀಟರ್ ದೂರದ್ದು ಮೂರು ಪಿಕ್ಸೆಲ್ಲೂ ಇಲ್ಲ. ಕಣಿವೆ ಉಳಿದದ್ದು ಹೀಗೆ.

ಪರೀಕ್ಷೆ ಸುಲಭ. ಹತ್ತಿರ ಒಂದು ಕೋಲು, ದೂರ ಒಂದು ಕಂಬ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟು ಕ್ಯಾಮೆರಾ ಎಡಬಲ ತಿರುಗಿಸಿ. ಗೆರೆ ತಪ್ಪಿದರೆ ಕ್ಯಾಮೆರಾವನ್ನು ಪ್ಲೇಟಿನ ಮೇಲೆ ಹಿಂದಕ್ಕೆ ಸರಿಸಿ. ಸರಿಸಿದರೆ ಸಮತೋಲ ಕೆಡುತ್ತದೆ, ಪ್ಲೇಟಿನ ಮುಂದೆ ತೂಕ ಕಟ್ಟಬೇಕು; ಎಷ್ಟೋ ಗಿಂಬಲ್‌ಗಳಲ್ಲಿ ಹಿಂದಿನ ತೋಳು ತಾಗಿ ಅಷ್ಟು ಜಾಗವೇ ಸಿಗುವುದಿಲ್ಲ. ಅದಕ್ಕೇ ಹೇಳುವುದು: ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಗಿಂಬಲ್ ಬೇಡ, ಟ್ರೈಪಾಡ್ ಮೇಲೆ, ಕ್ಯಾಮೆರಾವನ್ನು ಹಿಂದೆಮುಂದೆ ಸರಿಸುವ ಜಾರುಪಟ್ಟಿ ಇರುವ ಪನೋ ಹೆಡ್ ಹಾಕಿ. ಕೈಯಲ್ಲಿ ಹಿಡಿದು ಮೈ ತಿರುಗಿಸುವುದಂತೂ ಎಲ್ಲಿಯೂ ಬೇಡ. ಗಿಂಬಲ್ ಕೋನವನ್ನು ಹಿಡಿಯುತ್ತದೆ, ಜಾಗವನ್ನು ಹಿಡಿಯುವುದಿಲ್ಲ. ಬೆಟ್ಟದ ಮೇಲೂ ಗಿಂಬಲ್ಲಿನ ಕಾಲು ಬಿಡಿಸಿ ನೆಲದ ಮೇಲಿಡಿ.

ಮಾಂದಲಪಟ್ಟಿಯಲ್ಲಿ ಕಾಟ ಕೊಡುವುದು ಮಂಜು. ಮೋಟಾರು ನಿಂತ ಮೇಲೆ ನಡುಕ ಅಡಗಲು ಒಂದೆರಡು ಸೆಕೆಂಡು ಬೇಕು, ಗಾಳಿಯಿದ್ದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಮಂಜು ಮುಂದಿನ ಫ್ರೇಮಿಗೆ ನಡೆದಿರುತ್ತದೆ. ಎರಡು ಸಾಲಿನ ಆಸೆ ಬಿಟ್ಟು ಒಂದೇ ಸಾಲು ತೆಗೆಯಿರಿ. ಫೋಟೋ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್‌ನಲ್ಲಿ ಮಂಜು, ಮೋಡದ ಮೇಲೆ ಕೂತ ಕಂಟ್ರೋಲ್ ಪಾಯಿಂಟ್‌ಗಳನ್ನು (ಎರಡು ಫ್ರೇಮಿನಲ್ಲೂ ಒಂದೇ ಎಂದು ಗುರುತು ಹಾಕಿದ ಬಿಂದುಗಳು) ಅಳಿಸಿ, ಬೆಟ್ಟದ ಅಂಚಿನವನ್ನು ಮಾತ್ರ ಉಳಿಸಿ. ಫ್ರೇಮುಗಳು ಕೂಡುವ ಹೊಲಿಗೆ ಮಂಜಿನ ನಡುವೆ ಹಾಯದಂತೆ ಮಾಸ್ಕ್ ಹಾಕಿ. 180 ಡಿಗ್ರಿಗೆ ದೃಶ್ಯವನ್ನು ಉರುಳೆಯ ಮೇಲೆ ಹರಡಿದಂತೆ ಬಿಡಿಸುವ ಸಿಲಿಂಡ್ರಿಕಲ್ ಪ್ರೊಜೆಕ್ಷನ್ ಆರಿಸಿಕೊಳ್ಳಿ. ನೇರ ಗೆರೆಗಳನ್ನು ನೇರವಾಗಿಯೇ ಇಡುವ ರೆಕ್ಟಿಲೀನಿಯರ್ ಪ್ರೊಜೆಕ್ಷನ್ 120 ಡಿಗ್ರಿ ದಾಟುವ ಹೊತ್ತಿಗೇ ಅಂಚುಗಳನ್ನು ಎಳೆದು ವಿಕಾರ ಮಾಡಿರುತ್ತದೆ.